ಶಾಲೆ ಬೀಳುತ್ತದೆ, ಶಾಲೆ ಬೀಳುವುದಿಲ್ಲ

ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕುಂದಾಪುರ ತಾಲೂಕಿನಲ್ಲೇ ಇಲ್ಲ ಎಂದು ಆಗ ನಾನು ನಂಬಿದ್ದೆ. ಬಿಸಿಯೂಟ ಶುರುವಾದ ಹೊಸತು. ವಂಡ್ಸೆಯಿಂದ ಒಳಗೆ, ಹೊಳೆಯಾಚೆಯ ಹಂಚಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯ, ಸಹಶಿಕ್ಷಕ, ಗುಮಾಸ್ತ, ಗಂಟೆ ಹೊಡೆಯುವವ ಎಲ್ಲವೂ ನಾನೇ. ಸಂಬಳ ಮಾತ್ರ ಒಬ್ಬನದು! ಅದರಲ್ಲೂ ಒಂದು ಪಾಲು ಪ್ರತಿ ಮೇ ತಿಂಗಳು ಹಂಚಾಗಿ ಶಾಲೆಯ ಛಾವಣಿಗೆ, ನಮ್ಮ ಕಡೆಯ ಮಾತಲ್ಲಿ ಮಾಡಿಗೆ, ಏರುತ್ತಿತ್ತು.

"ಹ್ವಾಯ್, ಈ ಸಲವೂ ಸಂಬ್ಳದಗೆ ಹಂಚ್ ತಂದ್ರೆ, ಅದೇ ಹಂಚಿನಡಿಗ್ ಹೋಯಿ ಚಾಪಿ ಹಾಸಿ ಮನಿಕಣಿ!" ಎಂದಳು ಹೆಂಡತಿ ಗಿರಿಜ.

ಸರಿ, ಇಲಾಖೆಗೇ ಬರೆದೆ. ಬೇಕಿದ್ದದ್ದು ಐವತ್ತು ಹಂಚು. ಬರೀ ಹಂಚು ಕೇಳಿದರೆ ಅರ್ಜಿಗೆ ತೂಕ ಎಲ್ಲಿಂದ ಬರಬೇಕು? "ಸದರಿ ಕಟ್ಟಡವು ಯಾವ ಕ್ಷಣದಲ್ಲಾದರೂ ಧರಾಶಾಯಿಯಾಗುವ ಸಂಭವವಿದ್ದು, ಮುಗ್ಧ ಕಂದಮ್ಮಗಳ ಪ್ರಾಣವು ಅಪಾಯದಲ್ಲಿರುತ್ತದೆ" ಎಂದು ಬರೆದು, ಓದಿ, ನಾನೇ ಕಣ್ಣೊರೆಸಿಕೊಂಡೆ.

ಇಲಾಖೆಯವರೂ ಕಣ್ಣೊರೆಸಿಕೊಂಡಿರಬೇಕು. ಹದಿನೈದು ವರ್ಷದಲ್ಲಿ ನನ್ನ ಯಾವ ಅರ್ಜಿಗೂ ಬಾರದ ಉತ್ತರ ವಾರದೊಳಗೆ ಬಂತು! ಎಂಜಿನಿಯರ್ ಬಂದು ನೋಡಿದ ಮೇಲೆ ಶಾಲೆಗೆ ಬೀಗ ಹಾಕುವುದು, ಹತ್ತೊಂಬತ್ತು ಮಕ್ಕಳನ್ನು ಹೊಳೆಯೀಚೆಯ ಶಾಲೆಗೆ ಸೇರಿಸುವುದು. ಹಂಚಿನ ಸುದ್ದಿಯೇ ಇಲ್ಲ.

ಬಿಸಿಯೂಟ ಬೇಯಿಸುವ ಪದ್ದಕ್ಕ ಸೌಟು ಹಿಡಿದುಕೊಂಡೇ ಬಂದರು. "ಎಂತ ಮಾಡಿ ಹಾಕಿದ್ರಿ ಮಾಸ್ಟ್ರೆ? ಮಳಿಗಾಲದಗೆ ಈ ಸಣ್ ಸಣ್ ಮಕ್ಕಳ್ ಕಾಲುಸಂಕ ದಾಟಿ ಹೋಪುಕ್ ಆತ್ತಾ?"

ಮಳೆಗಾಲದಲ್ಲಿ ಹೊಳೆಗೆ ಅಡ್ಡ ಹಾಕಿದ ಆ ಮರದ ಸಂಕವನ್ನು ನಾನೇ ಕೂತುಕೊಂಡು ದಾಟುವವನು!

ಅಂದೇ ಎರಡನೇ ಅರ್ಜಿ ಹೋಯಿತು: "ಸದರಿ ಕಟ್ಟಡವು ವಜ್ರಕಾಯವಾಗಿದ್ದು, ಇನ್ನು ನೂರು ವರ್ಷ ಅಲುಗಾಡುವ ಲಕ್ಷಣವಿರುವುದಿಲ್ಲ."

ಎಂಜಿನಿಯರ್ ಎರಡನ್ನೂ ಹಿಡಿದುಕೊಂಡೇ ಬಂದರು. "ಅಕ್ಷರ ಒಂದೇ, ರುಜು ಒಂದೇ. ಯಾವುದು ನಿಜ ಮಾಸ್ಟ್ರೇ?"

"ಎರಡನೆಯದು ಸಾರ್. ಮೊದಲನೆಯದು... ಭಾಷೆಯ ಸೊಗಸಿಗೆ ಬರೆದದ್ದು."

ಅವರು ನಂಬಲಿಲ್ಲ. ನಂಬಿಸಲು ಏಣಿ ಇಟ್ಟು ಮಾಡು ಹತ್ತಿದೆ.

"ಹ್ವಾಯ್ ಮಾಸ್ಟ್ರೆ, ಪಕಾಸಿನ ಮರದ ಮೇಲ್ ಕಾಲಿಡಿ, ಬರೀ ಹಂಚಿನ ಮೇಲ್ ಇಡ್ಬೇಡಿ!" ಎಂದು ಪದ್ದಕ್ಕ ಕೆಳಗಿನಿಂದ ಕೂಗಿದರು. ಊರಿಗೇ ಪಾಠ ಹೇಳುವವನು ಇನ್ನೊಬ್ಬರ ಪಾಠ ಕೇಳುವುದುಂಟೇ? "ನೋಡಿ ಸಾರ್, ಕಲ್ಲು ಇದ್ದ ಹಾಗಿದೆ!" ಎಂದು ಬಲವಾಗಿ ಒಂದು ಹೆಜ್ಜೆ ತುಳಿದೆ.

ಠಳ್!

ಸೊಂಟದಿಂದ ಮೇಲಿನ ನಾನು ಮಾಡಿನ ಮೇಲೆ ಉಳಿದೆ. ಉಳಿದ ನಾನು ಮೂರನೇ ತರಗತಿಗೆ ಇಳಿದೆ! "ಮಾಸ್ಟ್ರ ಕಾಲ್! ಮಾಸ್ಟ್ರ ಕಾಲ್!" ಎಂದು ಒಳಗೆ ಮಕ್ಕಳು ಕುಣಿದಾಡಿದರು. ನನ್ನ ಹೊಟ್ಟೆ ಹಂಚು ಹೊರುವ ಎರಡು ಪಕಾಸುಗಳ ನಡುವೆ ಸಿಕ್ಕಿಕೊಂಡಿತ್ತು. ಅಷ್ಟು ಭಾರಕ್ಕೂ ಆ ಹಳೆಯ ಮರ ಒಂದಿಷ್ಟೂ ಮಿಸುಕಲಿಲ್ಲ. ಎಂಜಿನಿಯರ್ ಅದನ್ನು ಕೆಳಗಿನಿಂದ ಚೆನ್ನಾಗಿ ಪರಿಶೀಲಿಸಿ, ನನ್ನನ್ನು ಇಳಿಸುವ ಮೊದಲೇ ವರದಿ ಬರೆದು ಮುಗಿಸಿದರು!

ಶಾಲೆಗೆ ಬೀಗ ಬೀಳಲಿಲ್ಲ. ಮಕ್ಕಳು ಸಂಕ ದಾಟಬೇಕಾಗಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ, ಸೊಂಟದ ನೋವೂ ಹಿತವಾಗಿಯೇ ಇತ್ತು. ವರದಿಯ ಪ್ರತಿ ಮನೆಗೆ ತಂದಾಗ ಗಿರಿಜ ಅದನ್ನು ಜೋರಾಗಿ ಓದಿ, "ಓದ್ದ್ ಜನ ಸಮಾ ಬರ್ದಿರ್ ಕಾಣಿ" ಎಂದಳು.

ಅದರಲ್ಲಿದ್ದದ್ದು ಇಷ್ಟೇ: "ಕಟ್ಟಡವು ಸುಭದ್ರವಾಗಿದೆ. ಸದ್ಯ ಅದಕ್ಕೆ ಅಪಾಯವಿರುವುದು ಮುಖ್ಯೋಪಾಧ್ಯಾಯರಿಂದ ಮಾತ್ರ."