ಹೆಬ್ಬೆರಳಿನ ಗೋಲಿ

ವ್ಯಾಸರಾಜರ ಬಲಗೈ ಮಣಿಕಟ್ಟು ನೋಯಲು ಶುರುವಾದದ್ದು ೨೦೦೪ರ ಜೂನ್ ತಿಂಗಳಲ್ಲಿ. ಆ ಸಂಗತಿ ನಾಗಪುರದ ಪ್ರತಾಪ ನಗರಕ್ಕೆಲ್ಲ ಗೊತ್ತಾದದ್ದೂ ಅದೇ ತಿಂಗಳಲ್ಲಿ. ಹಾಲಿನವನಿಗೆ ಹೇಳಿದರು. ಕಚೇರಿಯಲ್ಲಿ ತಮ್ಮ ಕೈಕೆಳಗಿನ ಹನ್ನೊಂದು ಜನರಿಗೂ ಬಿಡಿಬಿಡಿಯಾಗಿ ಹೇಳಿದರು. ಒಂದು ಸಂಜೆ ಧಾರವಾಡದಿಂದ ಯಾರೋ ತಪ್ಪು ನಂಬರಿಗೆ ಫೋನು ಮಾಡಿದಾಗ ಆ ಅಪರಿಚಿತನಿಗೂ ಹತ್ತು ನಿಮಿಷ ಹೇಳಿದರು. (ಅವನು ಕನ್ನಡದಲ್ಲಿ ಮಾತಾಡಿದ್ದೇ ತಪ್ಪಾಯಿತು.)

ನೋವಿಗೆ ಕಾರಣ ಕನ್ನಡವೇ. ಲಕ್ಷ್ಮೀ ನಗರದ ಕನ್ನಡ ಬಳಗಕ್ಕೆ ಆ ನವೆಂಬರಿಗೆ ಇಪ್ಪತ್ತೈದು ತುಂಬುತ್ತಿತ್ತು. ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತರಬೇಕೆಂದು ತೀರ್ಮಾನವಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಬಲ್ಲವರು ಬಳಗದಲ್ಲಿ ವ್ಯಾಸರಾಜರು ಒಬ್ಬರೇ. ಹೀಗಾಗಿ ಅಧ್ಯಕ್ಷ ಹಿರಿಯಣ್ಣನವರು ಸಂಪಾದಕತ್ವವನ್ನೂ ಪುಟ ಕಟ್ಟುವ ಕೆಲಸವನ್ನೂ ಅವರ ತಲೆಗೇ ಕಟ್ಟಿದರು. ಹಿರಿಯಣ್ಣನವರು ಮಂಡ್ಯದ ಕಡೆಯವರು, ವಾಯುಸೇನೆಯಿಂದ ನಿವೃತ್ತರಾದವರು. ಅವರು ವಿನಂತಿ ಮಾಡಿದರೂ ಆಜ್ಞೆಯಂತೆಯೇ ಕೇಳಿಸುತ್ತಿತ್ತು.

ಒಂದು ಲೇಖನವನ್ನು ಪುಟದ ಈ ಬದಿಯಿಂದ ಆ ಬದಿಗೆ ಸರಿಸಬೇಕಾದರೆ ಮೌಸನ್ನು ಮೇಜಿನ ಅಂಚಿನ ತನಕ ಎಳೆಯಬೇಕು, ಎತ್ತಬೇಕು, ತಂದು ಮತ್ತೆ ಎಳೆಯಬೇಕು. ನೂರಿಪ್ಪತ್ತು ಪುಟ. ಐವತ್ತೆರಡರ ವಯಸ್ಸು. ವ್ಯಾಸರಾಜರು ಮೂರು ವಾರ ಸಂಶೋಧನೆ ನಡೆಸಿ, ಪತ್ರಿಕೆಗಳ ತುಣುಕು ಕತ್ತರಿಸಿಟ್ಟು, ತಮ್ಮ ಹೆಬ್ಬೆರಳಿನ ಉದ್ದವನ್ನು ಅಡಿಪಟ್ಟಿಯಿಂದ ಅಳೆದು, ಕೊನೆಗೆ ಒಂದು ಭಾನುವಾರ ಹೆಂಡತಿಯ ಎದುರು ಘೋಷಿಸಿದರು:

"ನಮಗ ಬೇಕಾದದ್ದು ನಿಸ್ತಂತು ಅಂಗುಷ್ಠಚಾಲಿತ ಗೋಲಕಯಂತ್ರ."

ರಮಾಬಾಯಿ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದರು. "ಅಂದ್ರ?"

"ಟ್ರ್ಯಾಕ್‌ಬಾಲ್. ಮೌಸ್ ಇರ್ತದಲ್ಲ, ಅದರ ಹೊಟ್ಟಿ ಕೆಳಗಿನ ಗೋಲಿ ಇಲ್ಲೆ ಮಗ್ಗಲಿಗೆ ಬಂದು ಕೂತಿರ್ತದ. ಹೆಬ್ಬೆರಳಿಂದ ಗೋಲಿ ಹೊರಳಿಸಿದ್ರ ಆತು, ಬಾಣ ತಾನ ಓಡ್ತದ. ಕೈ ಎತ್ತೂದು ಬ್ಯಾಡ, ಸರಿಸೂದು ಬ್ಯಾಡ. ಅದು ಕೂತಲ್ಲೇ ಕೂತಿರ್ತದ."

"ಕೂತಲ್ಲಿಂದ ಏಳೂದಿಲ್ಲ, ಬರೇ ಬೆರಳಾಡಿಸಿ ಎಲ್ಲಾ ಕೆಲಸ ಮಾಡಿಸ್ತದ," ಎಂದರು ರಮಾಬಾಯಿ. "ಮನಿಯೊಳಗ ಒಂದದ ಅಲ್ಲರಿ ಅಂಥಾದ್ದು. ಮತ್ತೊಂದು ಯಾಕ?"

ಇಬ್ಬರೂ ಹೋದ ಸೀತಾಬರ್ಡಿಯ ಅಂಗಡಿಯಲ್ಲಿ ಅಂಥವು ಮೂರಿದ್ದವು. ಮೊದಲನೆಯದಕ್ಕೆ ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಕೆಂಪು ಚೆಂಡು. ಅದನ್ನು ಬೆರಳುಗಳಿಂದ ಉರುಳಿಸಬೇಕು. ಇದು ಜೂಜಿನ ಸಾಮಾನಿನಂತಿದೆಯೆಂದು ವ್ಯಾಸರಾಜರು ದೂರ ಸರಿಸಿದರು. ಎರಡನೆಯದು ಹೆಬ್ಬೆರಳಿನದೇ, ಆದರೆ ವೈರಿನದು. ಮೂರನೆಯದಕ್ಕೆ ಬಾಲವೇ ಇಲ್ಲ. ಧೂಳು ಹಿಡಿದ ಡಬ್ಬಿಯಲ್ಲಿ ಬೂದುಬಣ್ಣದ ಆಮೆಯಂತೆ ಮಲಗಿತ್ತು. ಪಕ್ಕೆಯಲ್ಲಿ ನೀಲಿ ಗೋಲಿ.

"ಕಾಕಾಜಿ, ಇಸ್‌ಮೇ ಹಾಥ್ ಹಿಲಾನಾಚ್ ನಹೀ," ಎಂದ ಅಂಗಡಿಯವ, ಕೈ ಅಲುಗಿಸಬೇಕಾಗಿಯೇ ಇಲ್ಲವೆಂದು ಹೆಬ್ಬೆರಳು ತೋರಿಸುತ್ತ. "ಸಿರ್ಫ್ ಅಂಗೂಠಾ."

ಕಾಕಾಜಿ ಅನ್ನಿಸಿಕೊಂಡದ್ದಕ್ಕೆ ವ್ಯಾಸರಾಜರ ಮುಖ ಸಣ್ಣದಾಯಿತು. ಆದರೆ ಗೋಲಿ ಬೆರಳಿನ ಕೆಳಗೆ ಬೆಣ್ಣೆಯಂತೆ ಹೊರಳಿದಾಗ ಅವಮಾನ ಮರೆತುಹೋಯಿತು.

"ವೈರ್ ಇದ್ದದ್ದು ತಗೋರಿ. ಕಳಕೊಳ್ಳೂ ಅಂಜಿಕಿ ಇಲ್ಲ," ಎಂದರು ರಮಾಬಾಯಿ.

"ವೈರು ಅಂದ್ರ ಬಂಧನ. ನಿನಗ ತಿಳಿಯೂದಿಲ್ಲ ಬಿಡು," ಎಂದು ವ್ಯಾಸರಾಜರು ಬಂಧಮುಕ್ತವಾದದ್ದನ್ನೇ ಕೊಂಡರು. ಡಬ್ಬಿ ಹಿಡಿದುಕೊಳ್ಳಲು ಹೆಂಡತಿಗೆ ಕೊಟ್ಟರು. ಅವರ ಕೈ ನೋಯುತ್ತಿತ್ತಲ್ಲ!

ಮೊದಲ ಸಂಜೆ ಬಾಣ ಪರದೆಯ ಮೂಲೆಗೆ ಓಡಿಹೋಗಿ ಅಲ್ಲೇ ಅವಿತುಕೊಂಡಿತು. ಎರಡನೆಯ ಸಂಜೆ 'ಬೆಳ್ಳಿಹಬ್ಬ' ಎಂಬ ತಲೆಬರಹ ಹಿರಿಯಣ್ಣನವರ ಭಾವಚಿತ್ರದ ಹಣೆಯ ಮೇಲೆ ಬಿದ್ದು ನಾಮದಂತೆ ಶೋಭಿಸಿತು. ಮೂರನೆಯ ದಿನಕ್ಕೆ ಸೆಲ್ಲು ಮುಗಿಯಿತು. ಟಿವಿಯ ರಿಮೋಟಿನಿಂದ ಎರಡು ಸೆಲ್ಲು ಕಳಚಿಕೊಂಡರು. ಆಗ ರಮಾಬಾಯಿ ಆಡಿದ ಮಾತುಗಳು ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕುವಂಥವಲ್ಲ. ವಾರ ಕಳೆಯುವಷ್ಟರಲ್ಲಿ ಗೋಲಿಗೆ ಬೆರಳಿನ ಜಿಡ್ಡು, ಸಂಜೆ ಮೆಲ್ಲುವ ಚಿವಡಾದ ಎಣ್ಣೆ ಎಲ್ಲ ಸೇರಿ ಅದು ಹಟ ಹಿಡಿದ ಎತ್ತಿನಂತೆ ನಿಂತೇಬಿಟ್ಟಿತು. ಸ್ವಚ್ಛ ಮಾಡಲೆಂದು ಹಿಂದಿನ ತೂತಿನಿಂದ ಪೆನ್ಸಿಲಿನಲ್ಲಿ ತಿವಿದರೆ ಗೋಲಿ ಚಂಗನೆ ಹಾರಿ ಕಪಾಟಿನ ಕೆಳಗೆ ಮಾಯವಾಯಿತು. ದಂಪತಿಗಳಿಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಹುಡುಕಿದರು. ಎಡಗೈಯಲ್ಲಿ ಕಸಬರಿಗೆ ಹಿಡಿದು ಕೆದಕಿ ಹೊರತೆಗೆದವರು ರಮಾಬಾಯಿ.

ಇಷ್ಟಾದರೂ ಮಣಿಕಟ್ಟಿನ ನೋವು ನಿಜವಾಗಿಯೂ ಕಡಿಮೆಯಾಯಿತು. ಅದು ಹೆಬ್ಬೆರಳಿಗೆ ವರ್ಗವಾಗಿತ್ತು.

ಆಗಸ್ಟ್ ನಡುವಿನ ಹೊತ್ತಿಗೆ ವ್ಯಾಸರಾಜರಿಗೆ ಕಚೇರಿಯಲ್ಲಿ ಪೆನ್ನು ಹಿಡಿಯಲಾಗದಂತಾಯಿತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ 'ಹರಿ ಹರಿ' ಅನ್ನುತ್ತಿದ್ದರು. ರಮಾಬಾಯಿಯೇ ಅವರನ್ನು ಎಲುಬಿನ ವೈದ್ಯೆ ಪ್ರಭಾ ವೈರಾಗಡೆಯವರ ದವಾಖಾನೆಗೆ ಕರೆದೊಯ್ದರು.

ವ್ಯಾಸರಾಜರು ತಮ್ಮ ಬೆರಳಿನ ಚರಿತ್ರೆಯನ್ನು ಹಿಂದಿಯಲ್ಲಿ ಸಾದ್ಯಂತವಾಗಿ ನಿವೇದಿಸಿದರು. ಕನ್ನಡದ ಸ್ಥಿತಿಗತಿಯೂ ನಡುವೆ ಬಂದುಹೋಯಿತು. ಡಾಕ್ಟರು ಹೆಬ್ಬೆರಳನ್ನು ಮಡಿಸಿ, ಮುಷ್ಟಿ ಕಟ್ಟಿಸಿ, ಕೈಯನ್ನು ಕೆಳಗೆ ಬಾಗಿಸಿದರು. ರೋಗಿ ಕೂಗಿದ ಕೂಗಿಗೆ ಹೊರಗೆ ಕೂತಿದ್ದವರಲ್ಲಿ ಇಬ್ಬರು ಎದ್ದು ಹೋದರು.

"ಏನೂ ಆಗಿಲ್ಲ. ಬೆರಳಿಗೆ ಕೆಲಸ ಜಾಸ್ತಿಯಾಗಿದೆ, ಅಷ್ಟೇ," ಎಂದರು ಡಾಕ್ಟರು. "ಮೂರು ತಿಂಗಳು ಆ ಯಂತ್ರ ಮುಟ್ಟಬೇಡಿ. ದಿನಕ್ಕೆರಡು ಗೋಲಿ."

ಹಿಂದಿಯಲ್ಲಿ ಗುಳಿಗೆಗೂ ಗೋಲಿಯೇ ಹೆಸರು. ಬೇನೆಗೂ ಗೋಲಿ, ಮದ್ದಿಗೂ ಗೋಲಿ. ಈ ಚಮತ್ಕಾರವನ್ನು ಹೆಂಡತಿಗೆ ತೋರಿಸಬೇಕೆಂದು ವ್ಯಾಸರಾಜರು ತಿರುಗುವಷ್ಟರಲ್ಲಿ ಔಷಧದ ಚೀಟಿ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ರಮಾಬಾಯಿ ಬಗ್ಗಿ ಬಲಗೈ ಚಾಚಿದರು. ಬೆರಳುಗಳು ಚೀಟಿಯ ಮೇಲೆ ಎರಡು ಸಲ ಆಡಿದವು, ಚೀಟಿ ಮಾತ್ರ ಏಳಲಿಲ್ಲ. ಮೂರನೆಯ ಸಲಕ್ಕೆ ಎಡಗೈಯಿಂದ ಎತ್ತಿಕೊಂಡರು.

ಡಾಕ್ಟರು ಪೆನ್ನು ಕೆಳಗಿಟ್ಟು, ರಮಾಬಾಯಿಯ ಕೈ ನೋಡಬೇಕೆಂದು ಮರಾಠಿಯಲ್ಲಿ ಹೇಳಿದರು. "ವಹಿನೀ, ತುಮಚಾ ಹಾತ ದಾಖವಾ ಜರಾ."

"ನಂದೇನಿಲ್ಲರಿ," ಎಂದು ರಮಾಬಾಯಿ ಸೆರಗಿನೊಳಗೆ ಕೈ ಎಳೆದುಕೊಂಡರು. ಡಾಕ್ಟರು ಬಿಡಲಿಲ್ಲ. ಕೈಯನ್ನು ಬೆಳಕಿಗೆ ಹಿಡಿದು ಅಂಗೈ ಮೇಲೆ ಮಾಡಿದರು. ಹೆಬ್ಬೆರಳಿನ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ತಗ್ಗಿ ಸಣ್ಣ ಕುಣಿಯಾಗಿತ್ತು. ಇಪ್ಪತ್ತಾರು ವರ್ಷದಿಂದ ತಮಗೆ ಬಡಿಸಿದ ಆ ಕೈಯನ್ನು ವ್ಯಾಸರಾಜರು ಅಂದು ಮೊದಲ ಸಲ ನೋಡುವಂತೆ ನೋಡಿದರು.

ಡಾಕ್ಟರು ರಮಾಬಾಯಿಗೆ ಕಣ್ಣು ಮುಚ್ಚಲು ಹೇಳಿ, ಹೆಬ್ಬೆರಳಿಗೆ ಸೂಜಿಯ ಮೊನೆ ತಾಗಿಸಿದರು. ಆಮೇಲೆ ತೋರುಬೆರಳಿಗೆ, ನಡುಬೆರಳಿಗೆ. ಚುಚ್ಚಿದ್ದು ರಮಾಬಾಯಿಯ ಬೆರಳಿಗೆ, 'ಹಾ' ಎಂದದ್ದು ವ್ಯಾಸರಾಜರು.

"ಇನ್ನೂ ಚುಚ್ಚಿಲ್ಲೇನ್ರಿ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದರು ರಮಾಬಾಯಿ.

ಮಣಿಕಟ್ಟಿನೊಳಗೆ ನರ ಒತ್ತಿಹೋಗಿದೆ, ಕೊಯ್ದು ಬಿಡಿಸಬೇಕು, ಬಹಳ ತಡವಾಗಿದೆ ಎಂದರು ಡಾಕ್ಟರು. ನೋವು ಹೋಗುತ್ತದೆ. ಬೆರಳಿನ ಸ್ಪರ್ಶ ಮರಳಿ ಬರಬಹುದು, ಬಾರದೆಯೂ ಇರಬಹುದು. ಮಾತು ಕೊಡಲಾರೆ.

ಆಟೋದಲ್ಲಿ ಮನೆಗೆ ಹೊರಟರು. ಶಂಕರ ನಗರ ಚೌಕದ ಸಿಗ್ನಲಿನಲ್ಲಿ ವ್ಯಾಸರಾಜರು ಕೇಳಿದರು:

"ಎಷ್ಟು ದಿನದಿಂದ?"

"ಎರಡು ವರ್ಷ ಆತು. ಮೊದಲು ಜೋಮು ಹಿಡೀತಿತ್ತು. ಆಮ್ಯಾಲ ಏನೂ ಗೊತ್ತ ಆಗದಂಗಾತು."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ದೆ," ಎಂದರು ರಮಾಬಾಯಿ, ರಸ್ತೆಯ ಕಡೆ ನೋಡುತ್ತ. "ಜೂನ್ ತಿಂಗಳದಾಗ. ಆವಾಗ ನೀವು ನಿಮ್ಮ ಕೈ ತೋರಿಸಿದ್ರಿ."

ಸಿಗ್ನಲು ಹಸಿರಾಯಿತು. ವ್ಯಾಸರಾಜರಿಗೆ ಆ ಹೊತ್ತು ಯಾವ ಬೆರಳೂ ನೋಯಲಿಲ್ಲ. ಒಂದಾದರೂ ನೋಯಬಾರದೇ ಎಂದು ಅನ್ನಿಸಿತು.

ಶಸ್ತ್ರಕ್ರಿಯೆ ಸೆಪ್ಟೆಂಬರಿನಲ್ಲಿ ಆಯಿತು. ಅಡುಗೆಮನೆ ವ್ಯಾಸರಾಜರ ಪಾಲಿಗೆ ಬಂತು. ಜೋಳದ ಹಿಟ್ಟನ್ನು ಅಂಗೈಯಿಂದ ಒತ್ತಿ ನಾದುವಾಗ ಮಣಿಕಟ್ಟಿನ ಮೇಲೆ ಎಂಥ ಭಾರ ಬೀಳುತ್ತದೆಂಬುದು ಮೊದಲ ದಿನವೇ ತಿಳಿಯಿತು. ರೊಟ್ಟಿ (ಅವರ ಮನೆಯ ಮಾತಿನಲ್ಲಿ ಭಕ್ರಿ) ಬಡಿಯಲು ಹೋದರೆ ಅದು ವಿದರ್ಭದ ನಕ್ಷೆಯಾಯಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಜಿಲ್ಲೆ ಜಿಲ್ಲೆಯಾಗಿ ಹರಿಯಿತು. ರಮಾಬಾಯಿ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಅದೇ ವ್ಯಾಸರಾಜರಿಗೆ ಸಹಿಸಲಾಗುತ್ತಿರಲಿಲ್ಲ. ಹರಿದ ಭಕ್ರಿಯನ್ನು ಎಡಗೈಯಿಂದ ತಿಂದು, "ಛೊಲೋ ಆಗೇದ," ಅನ್ನುತ್ತಿದ್ದರು. ಇದಕ್ಕಿಂತ ತಟ್ಟೆ ಎಸೆದಿದ್ದರೆ ಚೆನ್ನಾಗಿತ್ತು.

ಇತ್ತ ಹಿರಿಯಣ್ಣನವರ ಫೋನು.

"ಏನ್ರೀ ವ್ಯಾಸರಾಜರೇ, ಎಲ್ಲಿಗೆ ಬಂತು ಸಂಚಿಕೆ? ಪ್ರೆಸ್ಸಿನೋರು ದಸರಾ ಆದ್ಮೇಲೆ ತಗೊಳ್ಳಲ್ಲ ಅಂತವ್ರೆ."

"ನನ್ನ ಹೆಬ್ಬೆರಳು..." ಎಂದು ಶುರು ಮಾಡಿದ ವ್ಯಾಸರಾಜರು ಹೆಂಡತಿಯ ಕಡೆ ನೋಡಿ ನುಂಗಿಕೊಂಡರು. "ಆಗ್ತದ್ರಿ," ಎಂದರು.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು ಮಣಿಕಟ್ಟಿಗೆ ಗಟ್ಟಿ ಪಟ್ಟಿ ಕಟ್ಟಿ, ಮಣಿಕಟ್ಟು ಅಲುಗಕೂಡದು, ಬೆರಳುಗಳನ್ನು ಮಾತ್ರ ಮೆಲ್ಲಗೆ ಆಡಿಸುತ್ತಿರಬೇಕು ಎಂದರು. ರಬ್ಬರ್ ಚೆಂಡು ಕೊಟ್ಟರು. ರಮಾಬಾಯಿ ಎರಡು ದಿನ ಅದನ್ನು ಒತ್ತಿ ಬೇಸತ್ತರು. ಮೂರನೆಯ ದಿನ ಹೋಗಿ ಕಂಪ್ಯೂಟರಿನ ಎದುರು ಕೂತರು. ಪಟ್ಟಿ ಕಟ್ಟಿದ ಕೈಯನ್ನು ಆ ಬೂದು ಆಮೆಯ ಬೆನ್ನಿನ ಮೇಲಿಟ್ಟರು.

"ಗೋಲಿ ಅದನೋ ಇಲ್ಲೋ ನನಗ ತಿಳಿಯಂಗಿಲ್ಲ," ಎಂದರು. "ಬಾಣ ಓಡಿದ್ರ ಅದ ಅಂತ ತಿಳೀತದ."

ಹಾಗೆ, ಬೆರಳಿಗೆ ಕಾಣದ್ದನ್ನು ಕಣ್ಣಿನಿಂದ ನೋಡುತ್ತ, ನಾಲ್ಕೇ ದಿನದಲ್ಲಿ ಕಲಿತುಬಿಟ್ಟರು. ಗೋಲಿ ವ್ಯಾಸರಾಜರಿಗೆ ತೋರಿಸಿದ ಯಾವ ಪುಂಡಾಟವನ್ನೂ ಅವರಿಗೆ ತೋರಿಸಲಿಲ್ಲ. ಹಿರಿಯಣ್ಣನವರ ಹಣೆಯಿಂದ ನಾಮ ಇಳಿಯಿತು. ಪುಟಗಳು ಒಂದೊಂದಾಗಿ ಕಟ್ಟಿಕೊಂಡವು. ಬಿ.ಎ.ಯಲ್ಲಿ ಕನ್ನಡ ಓದಿದ ಹೆಂಗಸು ಎಂಬುದು ಗಂಡನಿಗೆ ಮರೆತೇಹೋಗಿತ್ತು. ಕಾಗುಣಿತದ ತಪ್ಪುಗಳು ಉದುರಿದವು. ಕೊನೆಗೆ ವ್ಯಾಸರಾಜರ ಆರು ಪುಟದ ಸಂಪಾದಕೀಯದ ಸರದಿ ಬಂತು. ಅದು ಒಂದು ಪುಟವಾಯಿತು.

"ನನ್ನ ಮಣಿಕಟ್ಟಿನ ಪ್ಯಾರಾ ಎಲ್ಲೆ?" ಎಂದು ವ್ಯಾಸರಾಜರು ಒಗ್ಗರಣೆ ಸೌಟು ಹಿಡಿದು ಬಂದು ಕೇಳಿದರು. ಕನ್ನಡಾಂಬೆಯ ಸೇವೆಯಲ್ಲಿ ತಮ್ಮ ಬಲಗೈ ಪಟ್ಟ ಯಾತನೆಯನ್ನು ಕುರಿತು ಅವರು ಬರೆದ ಹದಿನೆಂಟು ಸಾಲು ಅದು.

"ಜಾಗಾ ಇಲ್ಲರಿ."

"ಜಾಹೀರಾತಿಗೆ ಜಾಗಾ ಅದ, ಸಂಪಾದಕನ ಕೈಗೆ ಇಲ್ಲ?"

"ಇಲ್ಲ," ಎಂದರು ರಮಾಬಾಯಿ.

ಅಕ್ಟೋಬರಿನ ಒಂದು ಬೆಳಿಗ್ಗೆ, ಪುಟಗಳು ಪ್ರೆಸ್ಸಿಗೆ ಹೋಗಬೇಕಾದ ದಿನ, ರಮಾಬಾಯಿ ಸ್ನಾನಕ್ಕೆ ಹೋದರು. ವ್ಯಾಸರಾಜರು ಭಕ್ರಿಗೆ ಹಿಟ್ಟು ನಾದುತ್ತಿದ್ದರು. ಬಚ್ಚಲಲ್ಲಿ ನೀರಿನ ಸದ್ದು ಕೇಳಿದ್ದೇ ಕೈ ಕೂಡ ತೊಳೆಯದೆ ಎದ್ದುಬಂದರು. ಡಾಕ್ಟರ ಅಪ್ಪಣೆ ಮೀರಿ ಗೋಲಿಯ ಮೇಲೆ ಹೆಬ್ಬೆರಳಿಟ್ಟರು. ಹಳೆಯ ಫೈಲಿನಿಂದ ಮಣಿಕಟ್ಟಿನ ಪ್ಯಾರಾವನ್ನು ಎತ್ತಿ, ತಂದು, ಸಂಪಾದಕೀಯದ ಕೊನೆಗೆ ಸಣ್ಣ ಅಕ್ಷರದಲ್ಲಿ ಅಂಟಿಸಿದರು. ಪಂಜೆಯಿಂದ ಗೋಲಿ ಒರಸಿದರು. ಕಳ್ಳ ಬೆಕ್ಕಿನಂತೆ ಹೋಗಿ ಹಂಚಿನ ಮೇಲೆ ಭಕ್ರಿ ಹಾಕಿದರು.

ಸ್ವಲ್ಪ ಹೊತ್ತಿಗೆ, ಸ್ನಾನ ಮುಗಿಸಿ ಕಂಪ್ಯೂಟರಿನ ಎದುರು ಕೂತ ರಮಾಬಾಯಿಯ ಧ್ವನಿ ಬಂತು.

"ಏನ್ರೀ! ಗೋಲಿ ಮುಟ್ಟಿದ್ರೇನು?"

"ನಾ ಯಾಕ ಮುಟ್ಟಲಿ? ಇಲ್ಲೇ ಇದ್ದೇನಿ!"

"ಸುಳ್ಳು ಹೇಳಬ್ಯಾಡ್ರಿ. ಹಿಟ್ಟು ಹತ್ತೇದ. ಅಂಟ ಅಂಟ ಆಗ್ಲಿಕತ್ತದ."

"ನಿನ್ನ ಭ್ರಮಾ! ನಾ ಬರೋಬರ್ ಒರಸಿದ್ದೆ..." ಎಂದ ವ್ಯಾಸರಾಜರು ನಾಲಿಗೆ ಕಚ್ಚಿಕೊಂಡರು. ಸಿಕ್ಕಿಬಿದ್ದಾಯಿತು ಎಂದು ತಲೆ ತಗ್ಗಿಸಿ ಬಾಗಿಲ ತನಕ ಬಂದರು. ಅಲ್ಲಿ ನಿಂತುಬಿಟ್ಟರು.

ರಮಾಬಾಯಿ ಪರದೆಯನ್ನು ನೋಡುತ್ತಿರಲಿಲ್ಲ. ತಮ್ಮ ಹೆಬ್ಬೆರಳನ್ನು ನೋಡುತ್ತಿದ್ದರು. ಅದನ್ನು ಗೋಲಿಯ ಮೇಲೆ ಮೆಲ್ಲಗೆ ಒಮ್ಮೆ ಆಡಿಸಿದರು, ಮತ್ತೊಮ್ಮೆ ಆಡಿಸಿದರು.

"ಅಂಟು ಬೆರಳಿಗೆ ತಿಳೀಲಿಕತ್ತದ," ಎಂದರು, ಬಹಳ ಸಣ್ಣ ದನಿಯಲ್ಲಿ. "ಎಲ್ಲಾ ಕಡೆ ಅಲ್ಲರಿ. ಇಲ್ಲೆ, ಉಗುರಿನ ಮಗ್ಗಲಿಗೆ. ಇಷ್ಟ ಜಾಗಾ."

ವ್ಯಾಸರಾಜರು ಹಿಟ್ಟಿನ ಕೈಯಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣಿಂದ ನೀರು ಧಾರಾಳವಾಗಿ ಹೊರಟಿತು.

ರಮಾಬಾಯಿ ಒಂದು ಗಳಿಗೆ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿದರು. ಸಂಪಾದಕೀಯದ ಕೊನೆಯ ಹದಿನೆಂಟು ಸಾಲು ಕಣ್ಣಿಗೆ ಬಿದ್ದವು.

"ಭಕ್ರಿ ಹೊತ್ತಲಿಕತ್ತದ, ಹೋಗ್ರಿ," ಎಂದರು. ಗೋಲಿ ಹೊರಳಿಸಿ, ಆ ಪ್ಯಾರಾವನ್ನು ಅಳಿಸಿಯೇಬಿಟ್ಟರು.