ಅತ್ತೆಯವರ ‘ಇವತ್ತಿನ ಸಮಸ್ಯೆ’

ನಮ್ಮ ಅತ್ತೆಯವರಿಗೆ ಸಂಸಾರದಲ್ಲಿ ಒಂದೂ ಸಮಸ್ಯೆ ಇಲ್ಲ. ಅದಕ್ಕೇ ದಿನಕ್ಕೊಂದನ್ನು ಹೊರಗಿನಿಂದ ತರಿಸಿಕೊಳ್ಳುತ್ತಾರೆ!

ಉತ್ಪ್ರೇಕ್ಷೆಯಲ್ಲ. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಅವರ ಮೊಬೈಲಿಗೆ ಒಂದು ಚದುರಂಗದ ಚಿತ್ರ ಬಂದು ಬೀಳುತ್ತದೆ. ಕೆಳಗೆ ಬರೆದಿರುತ್ತದೆ: ‘ಇವತ್ತಿನ ಸಮಸ್ಯೆ. ಬಿಳಿಯ ಆಟ. ಮೂರು ನಡೆಯಲ್ಲಿ ಚೆಕ್‌ಮೇಟ್ ಮಾಡಿ.’ ಕಳಿಸುವುದು ಒಂದು ಆನ್‌ಲೈನ್ ಗುಂಪು. ಧಾರವಾಡದವರು, ಮಂಗಳೂರಿನವರು, ದುಬೈಯಲ್ಲಿರುವವರು, ಒಬ್ಬರ ಮುಖ ಒಬ್ಬರು ಕಾಣದವರೆಲ್ಲ ಅದರಲ್ಲಿದ್ದಾರೆ. ಗುಂಪಿನ ಯಜಮಾನಿಕೆ ಹಾಸನದ ಕಡೆಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರದು. ಕಂಪ್ಯೂಟರನ್ನು ಕೇಳುವಂತಿಲ್ಲ, ಸ್ವಂತ ತಲೆಯನ್ನೇ ಓಡಿಸಬೇಕು. ಒಂಬತ್ತಕ್ಕೆ ಮೇಷ್ಟ್ರು ಉತ್ತರ ಹಾಕುತ್ತಾರೆ. ಅಂದರೆ ಆರರಿಂದ ಒಂಬತ್ತರವರೆಗೆ ಚೆಟ್ಟಳ್ಳಿಯ ನಮ್ಮ ಮನೆಯಲ್ಲಿ ಅತ್ತೆಯವರು ಇದ್ದೂ ಇಲ್ಲ.

ಆ ಮೂರು ಗಂಟೆಯಲ್ಲಿ ಒಂದು ಮನೆಯಲ್ಲಿ ಏನೇನು ಆಗಬೇಕು, ನೀವೇ ಹೇಳಿ! ನಾನು ಶಾಲೆಗೆ ಹೊರಡಬೇಕು, ನನ್ನ ಗಂಡ ಪೊನ್ನಂಪೇಟೆಯ ಆಫೀಸಿಗೆ ಹೊರಡಬೇಕು. ಅಕ್ಕಿರೊಟ್ಟಿ ಮಾಡುವುದು ಅತ್ತೆಯವರ ಕೆಲಸ. ಅವರೇ ಪಟ್ಟು ಹಿಡಿದು ಇಟ್ಟುಕೊಂಡದ್ದು. ನಾನು ತಟ್ಟಿದರೆ ದಪ್ಪವಾಗುತ್ತದಂತೆ! ಇರಲಿ. ಒಂದು ದಿನ ಸ್ನಾನ ಮುಗಿಸಿ ಬರುತ್ತೇನೆ, ಕಾವಲಿಯಿಂದ ಹೊಗೆ ಏಳುತ್ತಿದೆ. ಎದುರಿಗೇ ಅತ್ತೆ, ಹಿಟ್ಟು ಮೆತ್ತಿದ ಬೆರಳಲ್ಲಿ ಮೊಬೈಲ್ ತಿವಿಯುತ್ತಿದ್ದಾರೆ.

“ಅತ್ತೆ! ರೊಟ್ಟಿ ಸೀದುಹೋಯ್ತು!”

“ಹೋಗ್ಲಿ ಬಿಡೇ. ಅದನ್ನ ಬಲಿ ಕೊಟ್ರೆ ಮುಂದೆ ಲಾಭ ಉಂಟು.”

ಅವರು ಹೇಳಿದ್ದು ಚದುರಂಗದ ಒಂಟೆಯ ವಿಷಯ. ಹೊಟ್ಟೆ ಖಾಲಿ ಇಟ್ಟುಕೊಂಡು ಶಾಲೆಗೆ ಹೋದವಳು ನಾನು!

ಇದಾದರೂ ಮನೆಯೊಳಗಿನ ಮಾತು. ಕಾಫಿ ಕೊಯ್ಲಿನ ಸಮಯದಲ್ಲಿ ನಡೆದದ್ದನ್ನು ಕೇಳಿ. ಅತ್ತೆಯವರು ಅಂಗಳದಲ್ಲಿ ನಿಂತು ಗುಂಪಿಗೆ ಬರೆಯುವ ಮುಂಚೆ ತಮ್ಮ ಉತ್ತರವನ್ನು ಬಾಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸವೆಂದರೆ ಪಿಸುಮಾತಲ್ಲ, ಊರಿಗೆಲ್ಲ ಕೇಳುವ ಗಂಟಲು. “ಆನೆ ಬಲಗಡೆ ಮೂಲೇಲಿ ನಿಂತಿದೆ! ದಾರಿ ಪೂರ್ತಿ ಖಾಲಿ! ಸೀದಾ ಕೆಳಗೆ ಇಳೀತದೆ, ರಾಜ ಸತ್ತ!”

ನಮ್ಮ ಬಲಗಡೆ ಮೂಲೆಗೆ ಇರುವುದು ಪಕ್ಕದವರ ಎಸ್ಟೇಟ್. ಅಲ್ಲಿ ಪಿಕ್ಕಿಂಗ್ ನಡೆಯುತ್ತಿತ್ತು. ಕೆಲಸದವರನ್ನು ನೋಡಿಕೊಳ್ಳುವ ರೈಟರ್ ಹೆಸರು, ಏನು ಮಾಡೋಣ, ರಾಜ! ಹೆಂಗಸರು ಚೀಲ ಎಸೆದು ಕೂಲಿಯವರ ಲೈನ್‌ಮನೆಯ ಕಡೆ ಓಡಿದರು. ಯಾರೋ ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಅರ್ಧ ಗಂಟೆಯಲ್ಲಿ ಜೀಪು, ಪಟಾಕಿ, ಮೂವರು ವಾಚರುಗಳು ನಮ್ಮ ಅಂಗಳದಲ್ಲಿ! ಅವರ ಹಿಂದೆ ಏದುಸಿರು ಬಿಡುತ್ತಾ ಸ್ವತಃ ರಾಜ.

“ಅಮ್ಮಾ, ಸತ್ತದ್ದು ಯಾರು?” ಎಂದು ಕೇಳಿದ ಪಾಪ.

“ನೀನಲ್ಲ ಕಣಪ್ಪ. ಹೋಗಿ ಕೆಲ್ಸ ನೋಡು,” ಎಂದರು ಅತ್ತೆ.

“ಆನೆ ಎಲ್ಲಮ್ಮಾ?” ಎಂದ ಹಿರಿಯ ವಾಚರನಿಗೆ ಮೊಬೈಲ್ ತೋರಿಸಿದರು. ನನಗೆ ನಾಚಿಕೆಯಿಂದ ಬಾವಿಗೆ ಹಾರುವಂತಾಯಿತು. ಈಗ ಬೈಯುತ್ತಾನೆ, ಚೆನ್ನಾಗಿ ಬೈಯಲಿ ಎಂದುಕೊಂಡೆ. ಆ ಮನುಷ್ಯ ಬಗ್ಗಿ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಟೋಪಿ ತೆಗೆದು ಜಗಲಿಯ ಮೇಲೆ ಕೂತು, “ಈ ಕುದುರೆ ಅಡ್ಡ ಬರಲ್ವಾಮ್ಮಾ?” ಎಂದ! ಐದು ಜನಕ್ಕೆ ಕಾಫಿ ಮಾಡಿಕೊಟ್ಟವಳು ಯಾರು? ನಾನೇ!

ಮಳೆಗಾಲದ್ದು ಇನ್ನೊಂದು ಕತೆ. ಮೂರು ದಿನದಿಂದ ಕರೆಂಟಿರಲಿಲ್ಲ. ಮನೆಯಲ್ಲಿ ಉಸಿರಾಡುತ್ತಿದ್ದದ್ದು ಅತ್ತೆಯವರ ಮೊಬೈಲ್ ಒಂದೇ. ಬೆಳಿಗ್ಗೆ ಆರಕ್ಕೆ ಮುಂಚೆ ನನ್ನ ಗಂಡ ಅದಕ್ಕೇ ಫೋನ್ ಮಾಡಿದರು. ರಸ್ತೆಗೆ ಮರ ಬಿದ್ದು ಹಿಂದಿನ ಸಂಜೆಯಿಂದ ಪೊನ್ನಂಪೇಟೆಯಲ್ಲೇ ಸಿಕ್ಕಿಕೊಂಡಿದ್ದರು. “ಅಮ್ಮ, ನಾನು...” ಎನ್ನುವಷ್ಟರಲ್ಲಿ ಅತ್ತೆ ಕೇಳಿದರು: “ಕೈಕಾಲು ನೆಟ್ಟಗಿದೆಯೇನೋ?” “ಇದೆ.” “ಹಂಗಾದ್ರೆ ಇಡು. ಎರಡೇ ಪರ್ಸೆಂಟ್ ಇರೋದು, ಇನ್ನೂ ಸಮಸ್ಯೆ ಬಂದಿಲ್ಲ.” ಹೆತ್ತ ತಾಯಿ, ಸ್ವಾಮಿ! ಎಲ್ಲಿ ಹೇಳಿಕೊಳ್ಳಲಿ ನಾನು?

ಇಷ್ಟೆಲ್ಲ ಸಹಿಸಿಕೊಂಡವಳಿಗೆ ಕಳೆದ ತಿಂಗಳು ನಿಜವಾದ ಸಿಟ್ಟು ಬಂತು. ಗುಂಪಿನವರಿಗೆ ಅತ್ತೆಯವರು ‘ಚೆಟ್ಟಳ್ಳಿ ಸರ್’. ಹೆಸರಿನ ಜಾಗದಲ್ಲಿ ಬರೀ ಚೆಟ್ಟಳ್ಳಿ ಎಂದಿತ್ತು. ಸರ್ ಅನ್ನು ಗುಂಪಿನವರೇ ಸೇರಿಸಿದ್ದರು. ಅವತ್ತು ನನಗೂ ನನ್ನ ಗಂಡನಿಗೂ ರಜೆ. ಒಂಬತ್ತಕ್ಕೆ ಮೇಷ್ಟ್ರು ಮೂರು ನಡೆಯ ಉತ್ತರ ಹಾಕಿದರು. ಅತ್ತೆಯವರು “ಎರಡೇ ನಡೆ ಸಾಕು” ಎಂದು ಬರೆದರು. ಯಾರೂ ಗಮನಿಸಲಿಲ್ಲ. ಮತ್ತೆ ಬರೆದರು. “ಸರ್, ಇನ್ನೊಮ್ಮೆ ಸರಿಯಾಗಿ ನೋಡಿ,” ಎಂದರು ಮೇಷ್ಟ್ರು. ಅತ್ತೆ ತಡೆಯಲಾರದೆ ಮೊದಲ ಸಲ ತಮ್ಮ ದನಿಯನ್ನೇ ಕಳಿಸಿ, ಎರಡು ನಡೆಯನ್ನೂ ಬಿಡಿಸಿ ಹೇಳಿದರು.

ಆಮೇಲೆ ದುಬೈಯವನೊಬ್ಬ ಬರೆದ: “ಓ, ಅಮ್ಮನವರಾ! ಮಗ ಚೆನ್ನಾಗಿ ಹೇಳಿಕೊಟ್ಟಿದ್ದಾರೆ.” ಕೆಳಗೆ ಸಾಲುಸಾಲು ನಗುವ ಮುಖಗಳು.

ಅತ್ತೆಯವರು ಮೊಬೈಲನ್ನು ಬೋರಲು ಹಾಕಿ ಬೀನ್ಸ್ ಬಿಡಿಸಲು ಕೂತರು. ಊರಿಗೆಲ್ಲ ಕೇಳುವ ಆ ಗಂಟಲು ಹಾಗೆ ಸುಮ್ಮನಾದದ್ದನ್ನು ನಾನು ಕಂಡೇ ಇರಲಿಲ್ಲ. ಅಷ್ಟು ದಿನ ಅವರ ಮೇಲೆ ಕೂಡಿಟ್ಟಿದ್ದ ನನ್ನ ಸಿಟ್ಟೆಲ್ಲ ಆ ಕ್ಷಣ ದುಬೈ ವಿಮಾನ ಹತ್ತಿತು! ಮೊಬೈಲ್ ಎತ್ತಿಕೊಂಡು ದನಿ ಕಳಿಸುವ ಗುಂಡಿ ಒತ್ತಿದೆ.

“ನಾನು ಇವರ ಸೊಸೆ. ಇವರ ಮಗನಿಗೆ ಚೆಸ್ ಬೋರ್ಡಿಗೂ ಮೇಜಿನ ಬಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ. ಹೇಳಿಕೊಟ್ಟರಂತೆ! ಮೊದಲು ಕಾಯಿ ಜೋಡಿಸಿ ಆಡಿ ನೋಡಿ. ಆಮೇಲೆ ಬೇಕಿದ್ರೆ ನಗಿ!”

“ನನ್ನ ಮರ್ಯಾದೆ ಯಾಕೆ ತೆಗೀತೀಯ?” ಎಂದರು ಪಕ್ಕದಲ್ಲಿದ್ದ ನನ್ನ ಗಂಡ. ಅದಕ್ಕೆಲ್ಲ ಯಾರಿಗೆ ಪುರುಸೊತ್ತು!

ಮಧ್ಯಾಹ್ನ ಮೇಷ್ಟ್ರ ದನಿ ಬಂತು. “ಆಡಿ ನೋಡಿದೆ, ಅಮ್ಮ. ಎರಡೇ ನಡೆ. ತಪ್ಪು ನನ್ನದು. ಈ ಭಾನುವಾರದ ಸಮಸ್ಯೆಯನ್ನು ನೀವೇ ಕೊಡಬೇಕು.” ದುಬೈಯವನೂ ಕ್ಷಮೆ ಕೇಳಿದ. ನಾನು ಕ್ಷಮಿಸಿಲ್ಲ, ಅದು ಬೇರೆ ಮಾತು.

ಭಾನುವಾರ ಬೆಳಿಗ್ಗೆ ಅತ್ತೆಯವರು ಟ್ರಂಕಿನಿಂದ ಒಂದು ಹಳೆಯ ಮರದ ಬೋರ್ಡು ತೆಗೆದರು. ಅದು ಮನೆಯಲ್ಲಿರುವುದೇ ನನಗೆ ಗೊತ್ತಿರಲಿಲ್ಲ. ಯೋಚಿಸದೆ, ತಡವರಿಸದೆ, ಆರು ಕಾಯಿಗಳನ್ನು ಒಂದೊಂದಾಗಿ ಇಟ್ಟು, “ಫೋಟೋ ತೆಗಿಯೇ,” ಎಂದರು. ಕೆಳಗೆ ಬರೆಸಿದರು: ‘ಬಿಳಿಯ ಆಟ. ಬಿಳಿ ಸೋತಿದೆಯೋ, ಇಲ್ಲವೋ?’

“ಎಲ್ಲಿಂದ ತೆಗೆದ್ರಿ ಅತ್ತೆ ಈ ಸಮಸ್ಯೆನ?”

“ನಿಮ್ ಮಾವಂದು.”

ಮಾವನವರನ್ನು ನಾನು ನೋಡಿಲ್ಲ. ನನ್ನ ಮದುವೆಗೆ ಮುಂಚೆಯೇ ತೀರಿಕೊಂಡರು. ಸೋಮವಾರಪೇಟೆ ಬಸ್ಸಿನ ಕಂಡಕ್ಟರಾಗಿದ್ದರು. ಟ್ರಿಪ್ಪು ಮುಗಿಸಿ ಬಂದು ಸಂಜೆ ಜಗಲಿಯಲ್ಲಿ ಡ್ರೈವರ್ ಜೊತೆ ಆಡುತ್ತಿದ್ದರಂತೆ. ಅತ್ತೆಯವರು ಹೊಸಿಲಲ್ಲಿ ಕೂತು ನೋಡುತ್ತಿದ್ದರು. ಬಾ, ಕೂತು ಆಡು ಎಂದು ಯಾರೂ ಕರೆದದ್ದಿಲ್ಲ. ಕೊನೆಯ ಸಂಜೆ ಬಿಳಿ ಕಾಯಿ ಆಡುತ್ತಿದ್ದ ಮಾವನವರು ಈ ಆರು ಕಾಯಿಗಳನ್ನು ನೋಡಿ, “ಸೋತೆ ಕಣಯ್ಯ,” ಎಂದು ಎದ್ದರು. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮನೆಗೆ ಬರಲಿಲ್ಲ.

“ನಂಗೆ ಮಾತ್ರ ಅವ್ರು ಸೋತಿಲ್ಲ ಅಂತ್ಲೇ ಅನ್ನಿಸ್ತಿತ್ತು,” ಎಂದರು ಅತ್ತೆ. “ತೋರಿಸ್ಕೊಡೋಕೆ ಆಗ ಆಟ ಬರ್ತಿರ್ಲಿಲ್ಲ.”

ಒಂಬತ್ತಾಯಿತು, ಗುಂಪಿನಲ್ಲಿ ಉತ್ತರವಿಲ್ಲ. ಮಧ್ಯಾಹ್ನವಾಯಿತು. ಮೇಷ್ಟ್ರು ಸಂಜೆಯವರೆಗೆ ಸಮಯ ಕೇಳಿದರು. ನಾಲ್ಕು ಗಂಟೆಗೆ ಬರೆದರು: “ಅಮ್ಮ, ಎಲ್ಲರೂ ಸೇರಿ ಆಡಿ ನೋಡಿದೆವು. ಬಿಳಿಗೆ ಗೆಲುವಿಲ್ಲ. ಆದರೆ ರಾಜ ಮೂಲೆ ಬಿಟ್ಟು ಒಂದು ಮನೆ ಮುಂದೆ ಬಂದರೆ ಸೋಲೂ ಇಲ್ಲ. ಆಟ ಸಮ.”

“ನಂಗೂ ಅದೇ ಬಂದಿತ್ತು,” ಎಂದು ಅತ್ತೆಯವರು ಬಿಳಿಯ ರಾಜನನ್ನು ಒಂದು ಮನೆ ಮುಂದಕ್ಕೆ ಸರಿಸಿದರು. ಸರಿಸಿದ ಬೆರಳನ್ನು ಅದರ ತಲೆಯ ಮೇಲಿಂದ ತೆಗೆಯಲಿಲ್ಲ. ಆಮೇಲೆ ಅವರಿಗೆ ಸಿಟ್ಟು ಉಕ್ಕಿ ಬಂತು.

“ನೋಡೇ! ಒಂದೇ ಒಂದು ಮನೆ! ಅಷ್ಟಕ್ಕೇ ಸೋತೆ ಅಂತ ಎದ್ದು ಹೋಗೋದಾ? ಎಲ್ಲದಕ್ಕೂ ಅವಸರ ಆ ಮನುಷ್ಯಂಗೆ. ಇನ್ನೊಂಚೂರು ಹೊತ್ತು ಕೂತಿದ್ರೆ ಏನಾಗ್ತಿತ್ತು?”