ಏಳು ನಿಂಗೇಗೌಡರನ್ನು ಸಾಯಿಸಿದ ಕ್ವೆರಿ

ದೇವಲಾಪುರದ ಪಕ್ಕದ ನಮ್ಮೂರ ಹಾಲಿನ ಡೈರಿಗೆ ನಾನೇ ಕಾರ್ಯದರ್ಶಿ. ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ, ಎಸ್‌ಕ್ಯುಎಲ್ ಭಾಷೆಯಲ್ಲಿ ಅದಕ್ಕೆ ಅಪ್ಪಣೆ ಕೊಡುವುದನ್ನು ಮೊಬೈಲು ನೋಡಿಯೇ ಕಲಿತಿದ್ದೆ. ಆ ಅಪ್ಪಣೆಗೆ ಕ್ವೆರಿ ಅನ್ನುತ್ತಾರೆ. ನಾಲ್ಕು ವಿಡಿಯೋ ನೋಡಿದವನಿಗೆ ಎಷ್ಟು ಸೊಕ್ಕಿರಬೇಕೋ ಅಷ್ಟೂ ನನಗಿತ್ತು!

ಹೋದ ತಿಂಗಳು ನಿಂಗೇಗೌಡರು ತೀರಿಕೊಂಡರು. ಸದಸ್ಯತ್ವ ಹೆಂಡತಿ ಚನ್ನಮ್ಮನ ಹೆಸರಿಗೆ ಬರುವವರೆಗೆ ಅವಳ ಹಾಲು ಹಾಕಿಸಿಕೊಳ್ಳುವಂತಿಲ್ಲ. ಎರಡು ಹಸು ಹಾಲು ಕರೆಯುತ್ತವೆ, ಕುಡಿಯಲು ಮನೆಯಲ್ಲಿ ಅವಳೊಬ್ಬಳೇ.

"ಬೇಗ ಮಾಡ್ಕೊಡು ಮಗಾ, ಹಾಲು ಚೆಲ್ಲಾಕೆ ಮನಸ್ಸು ಬರಾಕಿಲ್ಲ."

"ಇವತ್ತು ಅವ್ರ ಹೆಸ್ರು ತೆಗೀತೀನಿ, ಬೆಳಿಗ್ಗೆ ನಿನ್ ಹೆಸ್ರು ಸೇರಿಸ್ತೀನಿ ಚಿಕ್ಕವ್ವ" ಅಂದೆ. 'ಹೆಸರು ನಿಂಗೇಗೌಡ ಆಗಿದ್ದರೆ ಮೃತ ಎಂದು ಬದಲಿಸು' ಎಂದು ಕ್ವೆರಿ ಬರೆದೆ. ಒತ್ತಿದೆ. ಆಯಿತು!

ಬೆಳಿಗ್ಗೆ ಡೈರಿ ಮುಂದೆ ಗಲಾಟೆ. ತಾತನ ಹೆಸರನ್ನು ಮೊಮ್ಮಗನಿಗಿಡುವ ಊರು ನಮ್ಮದು. ಪಟ್ಟಿಯಲ್ಲಿ ಏಳು ನಿಂಗೇಗೌಡರು, ಏಳೂ ಜನ ಮೃತರು! ಮೃತರ ಹಾಲನ್ನು ನಮ್ಮ ಮಿಷನ್ನು ತೂಗುವುದಿಲ್ಲ.

"ಲೇ, ಕಾಫಿ ಕುಡ್ಕಂಡು ಬಂದಿವ್ನಿ. ಸತ್ತಂಗೆ ಕಾಣ್ತೀನೇನ್ಲಾ?" ಎಂದು ಅವರಲ್ಲೇ ಹಿರಿಯರೊಬ್ಬರು ಕ್ಯಾನು ಕುಕ್ಕಿದರು.

ನನ್ನ ಹೆಂಡತಿ ಸವಿತಾ ಹಣೆ ಚಚ್ಚಿಕೊಂಡಳು. "ಎಲ್ರಿಗೂ ಸದಸ್ಯ ನಂಬರ್ ಐತಲ್ರೀ, ಅದ್ನ ಹಾಕೋದಲ್ವಾ? ಒತ್ತೋಕ್ ಮುಂಚೆ ಯಾರ್ಯಾರು ಬತ್ತಾರೆ ಅಂತ ನೋಡ್ಬಾರ್ದಾ?"

ವಿಡಿಯೋದವನೂ ಇದನ್ನೇ ಹೇಳಿದ್ದ. ಮೊದಲು ಸೆಲೆಕ್ಟ್ ಮಾಡಿ ನೋಡು, ಆಮೇಲೆ ಅಪ್‌ಡೇಟ್ ಮಾಡು ಅಂತ. ಆ ಭಾಗವನ್ನು ನಾನು ಮುಂದಕ್ಕೆ ಓಡಿಸಿದ್ದೆ.

ಬೈಗುಳದ ಅವಸರದಲ್ಲಿ 'ಜೀವಂತ ಎಂದು ಬದಲಿಸು' ಎಂದು ಬರೆದೆ. ಯಾರನ್ನು ಅಂತ ಬರೆಯಲೇ ಇಲ್ಲ! ಡೈರಿ ಶುರುವಾದಾಗಿನಿಂದ ಸತ್ತವರೆಲ್ಲ ಎದ್ದು ಕೂತರು, ನಮ್ಮಪ್ಪನೂ ಸೇರಿ. ಹಳೇ ಪಟ್ಟಿಯ ಕಾಪಿ ಇಟ್ಟಿದ್ದೆನೇ? ಇಲ್ಲ. ಸಾಲದ್ದಕ್ಕೆ, ಹೊಸದಾಗಿ ಜೀವಂತರಾದವರಿಗೆಲ್ಲ ಕಂಪ್ಯೂಟರು ತಾನಾಗಿಯೇ ಮೆಸೇಜು ಕಳಿಸಿತು.

ಚನ್ನಮ್ಮ ಗಂಡನ ಫೋನು ಹಿಡಿದುಕೊಂಡು ಬಂದಳು. "ಏನೋ ಬಂದೈತೆ, ಓದು ಮಗಾ."

'ನಿಂಗೇಗೌಡರೇ, ತಾವು ಇಂದಿನಿಂದ ಹಾಲು ಹಾಕಬಹುದು.' ಓದಿದೆ.

"ಬದುಕ್ಸಿದ್ದೀಯಂತಲ್ಲ" ಅಂದಳು. "ಅಂಗಾರೆ ಮನೆಗೂ ಕಳ್ಸು."

ನನಗೆ ಅಳು ಬಂತು. ಅವಳ ಹಾಲು ಹಾಕಿಸಿಕೊಳ್ಳಬೇಕಾದರೆ, ಅವಳೆದುರೇ ಅವರನ್ನು ಇನ್ನೊಂದು ಸಲ ಸಾಯಿಸಬೇಕು. ಸದಸ್ಯ ನಂಬರು ಹಾಕಿದೆ. ಸೆಲೆಕ್ಟ್ ಮಾಡಿ ನೋಡಿದೆ, ಒಬ್ಬರೇ ಬಂದರು. ಚನ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಒತ್ತಿದೆ.

ನಾನು ಇವತ್ತಿನವರೆಗೆ ತಪ್ಪಿಲ್ಲದೆ ಬರೆದ ಕ್ವೆರಿ ಅದೊಂದೇ!